ಎಡಗಿವಿಯ ಕಡೆ

ಕಲ್ಲು ಮೊಣಕಾಲು ದಾಟಿತ್ತು. ಮರಿಲಿಂಗ ಉಸಿರು ಬಿಗಿಹಿಡಿದು, ಬೂದಿ ಸವರಿದ ಅಂಗೈಗಳನ್ನು ಅದರ ಹೊಟ್ಟೆಯಡಿ ಇನ್ನಷ್ಟು ಒಳಗೆ ತೂರಿಸಿದ. ಹಲ್ಲುಗಳ ನಡುವೆ ಟವೆಲ್ಲಿನ ತುದಿಯಿತ್ತು. ಕಲ್ಲು ತೊಡೆಗೆ ಬಂತು. ತೊಡೆಯಿಂದ ಹೊಟ್ಟೆಗೆ, ಹೊಟ್ಟೆಯಿಂದ ಎದೆಗೆ ಉರುಳಿಕೊಂಡು ಬಂತು. ಅಲ್ಲಿ ಒಂದು ಗಳಿಗೆ, ಇವನು ಕಲ್ಲನ್ನು ಹಿಡಿದಿದ್ದಾನೋ ಕಲ್ಲು ಇವನನ್ನು ಹಿಡಿದಿದೆಯೋ ಹೇಳಲಾಗದಂತೆ ಇಬ್ಬರೂ ನಿಂತರು. ಆಮೇಲೆ ಭುಜ. ಆಮೇಲೆ ಬೆನ್ನ ಹಿಂದಕ್ಕೆ.

ಧೊಪ್.

ಅಂಗಳ ನಡುಗಿತು. ಕೋಳಿಗಳು ಬುಟ್ಟಿಯೊಳಗೇ ರೆಕ್ಕೆ ಬಡಿದವು. ಅಡುಗೆಮನೆಯ ಹಲಗೆಯ ಮೇಲಿನ ತಾಟುಗಳು ಒಂದಕ್ಕೊಂದು ತಾಗಿ ಸುಮ್ಮನಾದವು. ಇನ್ನೂ ಪೂರ್ತಿ ಬೆಳಕಾಗಿರಲಿಲ್ಲ. ಬಾಗಿಲ ಚೌಕಟ್ಟಿಗೆ ಅಂಗೈ ಒತ್ತಿಕೊಂಡು ತಂಗಿ ಸವಿತಾ ನಿಂತಿದ್ದಳು.

ಮರಿಲಿಂಗ ಬಾಯಿಂದ ಟವೆಲ್ ತೆಗೆದು ಅವಳ ಬಲಕ್ಕೆ ಬಂದ. ಅವಳ ಬಲಕ್ಕೆ ಬರುವುದು ಈಗ ಅವನಿಗೆ ಅಭ್ಯಾಸವಾಗಿತ್ತು. ಎಡಗಿವಿ ಕೇಳುತ್ತಿರಲಿಲ್ಲ.

"ಇಷ್ಟ್ ಲಗೂ ಎದ್ದಿ?"

"ನಿದ್ದಿ ಆತು."

"ಗ್ವಾಡಿ ಯಾಕ ಹಿಡಕೊಂಡಿ? ತಲಿ ತಿರಗಾಕತ್ತದೇನು?"

"ಇಲ್ಲ ಬಿಡು. ನಿನ್ ಕೆಲಸ ನೀ ಮಾಡು."

ಒಳಗಿನಿಂದ ತಾಯಿ ದುರಗಮ್ಮನ ದನಿ ಬಂತು. "ಲೇ ಮರಿಲಿಂಗಾ, ಆ ಕಲ್ಲಿಗಿ ಒಂದಿನ ರಜಾ ಕೊಡಪಾ. ಗ್ವಾಡಿ ಮಣ್ಣೆಲ್ಲ ನನ್ನ ಸಾರಿನ ಗಡಗ್ಯಾಗ ಬಿದ್ದದ."

"ರುಚಿ ಬರ್ತದ ಬಿಡವ್ವಾ," ಎಂದಳು ಸವಿತಾ. "ನೀ ಹಾಕೋ ಉಪ್ಪಿಗಿ ಮಣ್ಣೇ ಚಲೋ."

ತಾಯಿ ಏನೋ ಬೈದಳು. ಸವಿತಾ ಕತ್ತು ತಿರುಗಿಸಿ ಎಡಗಿವಿಯನ್ನು ಅಡುಗೆಮನೆಯ ಕಡೆ ಮಾಡಿದಳು. ಬೈಗುಳ ಬಂದಾಗಲೆಲ್ಲ ಅವಳು ಹಾಗೆ ಮಾಡುತ್ತಿದ್ದಳು. ಅವಳು ನಗುತ್ತಿದ್ದಳು, ತಾಯಿ ನಗುತ್ತಿದ್ದಳು. ಮರಿಲಿಂಗನಿಗೆ ಮಾತ್ರ ಆ ನಗುವಿನಲ್ಲಿ ಎಲ್ಲಿ ಕಾಲಿಡಬೇಕೆಂದು ತಿಳಿಯುತ್ತಿರಲಿಲ್ಲ. ಅವನು ಹೋಗಿ ಮತ್ತೆ ಕಲ್ಲಿಗೆ ಬಾಗಿದ.

ಆ ಕಿವಿಗೆ ಹೊಡೆದವನು ಅವನೇ.

ಒಂದೇ ಏಟು. ಮನಸ್ಸಿನೊಳಗೆ ಈ ಮಾತು ಹೇಳಿಕೊಂಡಾಗಲೆಲ್ಲ ಆ 'ಒಂದೇ' ಎಂಬುದು ಹಿತ್ತಲ ಬಾಗಿಲಿನಂತೆ ಕಾಣಿಸಿ ಅವನಿಗೆ ನಾಚಿಕೆಯಾಗುತ್ತಿತ್ತು. ಹಿಂದಿನ ವರ್ಷದ ನಾಗರ ಪಂಚಮಿ ಅದು. ಊರ ಗರಡಿಯಾದ ತಾಲೀಮಿನ ಪಕ್ಕದ ಬೇವಿನ ಮರಕ್ಕೆ ಜೋಕಾಲಿ ಕಟ್ಟಿದ್ದರು. ಊರಿನ ಹೆಣ್ಣುಮಕ್ಕಳಲ್ಲಿ ಸವಿತಾಳಷ್ಟು ಎತ್ತರ ಜೀಕುವವರು ಯಾರೂ ಇರಲಿಲ್ಲ. ಹಲಗೆಯ ಮೇಲೆ ನಿಂತೇ ಜೀಕಿ, ಮೇಲಿನ ಕೊಂಬೆಯ ಎಲೆಯನ್ನು ಹಲ್ಲಿನಿಂದ ಕಿತ್ತುಕೊಂಡು ಕೆಳಗೆ ಬರುತ್ತಿದ್ದಳು. ಯಾರೋ ಅದನ್ನು ಫೋನಿನಲ್ಲಿ ಹಿಡಿದು, ಒಂದು ಸಿನಿಮಾ ಹಾಡು ಅಂಟಿಸಿ, ಸ್ಟೇಟಸ್ ಇಟ್ಟರು. ಸುರಪುರ ಬಸ್ ನಿಲ್ದಾಣದ ಎದುರು ಮರಿಲಿಂಗನದೂ ಸೇರಿ ಹುಣಸಗಿ ಕಡೆಯ ಟಂಟಂ ಆಟೋಗಳು ಸಾಲಾಗಿ ನಿಲ್ಲುವ ಜಾಗಕ್ಕೆ ಮಧ್ಯಾಹ್ನದ ಹೊತ್ತಿಗೆ ಅದು ಬಂದು ಮುಟ್ಟಿತ್ತು.

"ಏ ಮರಿಲಿಂಗಾ, ಇಕಿ ನಿನ್ನ ತಂಗಿ ಅಲ್ಲೇನಲೇ? ಏನ್ ಹಾರ್ತಾಳಪಾ! ಇಕಿನ್ನ ಹಿಡಿಯವ ಯಾವನಲೇ?"

ಎಲ್ಲರೂ ನಕ್ಕರು. ಮರಿಲಿಂಗನೂ ನಕ್ಕ. ಆಮೇಲೆ ಸಿಟ್ಟು ಬಂದದ್ದು ಅವರು ನಕ್ಕಿದ್ದಕ್ಕಲ್ಲ, ತಾನು ನಕ್ಕಿದ್ದಕ್ಕೆ. ಕೂತಿದ್ದ ಪ್ರಯಾಣಿಕರನ್ನು ಇಳಿಸಿ, ಖಾಲಿ ಗಾಡಿ ಓಡಿಸಿಕೊಂಡು ಊರಿಗೆ ಬಂದ. ಅವಳು ಅಂಗಳದಲ್ಲಿ ಪಾತ್ರೆ ತೊಳೆಯುತ್ತಿದ್ದಳು, ಕೂದಲಲ್ಲಿ ಬೇವಿನ ಎಲೆಯೊಂದು ಇನ್ನೂ ಸಿಕ್ಕಿಕೊಂಡಿತ್ತು. ಅಣ್ಣ ಬಂದನೆಂದು ತಲೆಯೆತ್ತಿ ಏನೋ ಹೇಳಲು ಬಾಯಿ ತೆರೆದಳು. ಅವನ ಅಂಗೈ ಪೂರ್ತಿಯಾಗಿ, ಚಪ್ಪಟೆಯಾಗಿ, ಅವಳ ಎಡಗಿವಿಯ ಮೇಲೆ ಬಿತ್ತು.

ಅವಳು ಅಳಲಿಲ್ಲ. ಕಿವಿ ಮುಟ್ಟಿ, ಬೆರಳು ನೋಡಿಕೊಂಡಳು. ಎದ್ದು ನಿಲ್ಲಲು ಹೋಗಿ ಒಂದು ಕಡೆ ವಾಲಿದಳು. ಇನ್ನೂ ಜೋಕಾಲಿಯ ಮೇಲೇ ಇದ್ದಾಳೇನೋ ಎಂಬಂತೆ.

ಶಹಾಪುರದ ಡಾಕ್ಟರು ಬ್ಯಾಟರಿ ಬಿಟ್ಟು ನೋಡಿದರು. ತಮಟೆ ಹರಿದಿದೆ, ಅದು ತಾನಾಗಿ ಕೂಡಿಕೊಳ್ಳಬಹುದು, ಆದರೆ ಒಳಗಿನ ನರಕ್ಕೆ ಪೆಟ್ಟಾಗಿದೆ, ಅದು ಬರುವುದಿಲ್ಲ ಎಂದರು. ಹೇಗಾಯಿತು ಎಂದು ಕೇಳಿದರು. "ಬಿದ್ದಾಳ್ರಿ," ಎಂದಳು ದುರಗಮ್ಮ. ಮರಿಲಿಂಗ ಗೋಡೆಯ ಮೇಲಿನ ಕಿವಿಯ ಚಿತ್ರ ನೋಡುತ್ತ ನಿಂತಿದ್ದ. ಊರಿನಲ್ಲಿ ಕೇಳಿದವರಿಗೆ ತಾಯಿ, ಜ್ವರ ಬಂದು ಕಿವಿ ಹೋಯಿತು ಎಂದಳು. ಊರು ಹೌದಾ ಎಂದಿತು. ಎಲ್ಲರಿಗೂ ಗೊತ್ತಿತ್ತು.

ಕಿವಿಯ ಜೊತೆ ಮೈಯ ಸಮತೋಲವೂ ಹೋಗಿತ್ತು. ಸ್ವಲ್ಪ ಗಕ್ಕನೆ ತಿರುಗಿದರೆ ಅವಳಿಗೆ ನೆಲ ಜಾರುತ್ತಿತ್ತು. ಹೊಲಿದ ಜಂಪರುಗಳನ್ನು ಸುರಪುರದ ಅಂಗಡಿಗೆ ಕೊಟ್ಟುಬರಲು ಅವಳು ಓಡಿಸುತ್ತಿದ್ದ ಸ್ಕೂಟಿ ಈಗ ಗೋಣಿಚೀಲ ಹೊದ್ದು ದನದ ಕೊಟ್ಟಿಗೆಯಲ್ಲಿ ನಿಂತಿತ್ತು. ಅವಳು ರಸ್ತೆಯವರೆಗೆ ನಡೆದು ಹೋಗಿ ಖಾಜಾಹುಸೇನನ ಟಂಟಂ ಹತ್ತುತ್ತಿದ್ದಳು.

"ನನ್ ಗಾಡಿ ಅದಲ್ಲ," ಎಂದಿದ್ದ ಮರಿಲಿಂಗ ಒಮ್ಮೆ.

"ನಿನ್ ಗಾಡಿ ಭಾಳ ಕುಣೀತದ."

ರಸ್ತೆ ಒಂದೇ ಇತ್ತು. ತಗ್ಗುಗಳೂ ಅವೇ ಇದ್ದವು. ಅವನು ಮತ್ತೆ ಕೇಳಲಿಲ್ಲ.

ಹಬ್ಬ ಕಳೆದ ಮೇಲೆ ಒಂದು ದಿನ, ಗಾಡಿ ತುಂಬಲೆಂದು ಕಾಯುತ್ತ ಕೂತಾಗ, ಒಡೆದ ಗಾಜಿನ ಫೋನಿನಲ್ಲಿ ಅವನಿಗೆ ಆ ಜನ ಸಿಕ್ಕರು. ಬೆಂಗಳೂರಿನ ಕಡೆಯ ಕನ್ನಡದಲ್ಲಿ ಒಬ್ಬ ಹೇಳುತ್ತಿದ್ದ. ಉತ್ತರಕ್ಕೆ ತುಂಬಾ ದೂರ, ಹಿಮದ ನಾಡುಗಳಲ್ಲಿ, ದೋಣಿಯ ಮೇಲೆ ಬದುಕಿದ ವೈಕಿಂಗರ ವಿಷಯ. ಅವರ ನಾಡಿನ ಒಂದು ಸಮುದ್ರದಂಡೆಯಲ್ಲಿ ದುಂಡು ಕಲ್ಲುಗಳು ಬಿದ್ದಿವೆಯಂತೆ. ದೋಣಿಯಲ್ಲಿ ಹುಟ್ಟು ಹಾಕಲು ಬರುವ ಹುಡುಗ ಮೊದಲು ಆ ಕಲ್ಲು ಎತ್ತಬೇಕು. ಎತ್ತಿದವನಿಗೆ ಜಾಗ, ಎತ್ತದವನು ದಂಡೆಯಲ್ಲೇ ಉಳಿಯಬೇಕು. ಫೋನಿನಲ್ಲಿ ಆ ಕಲ್ಲು ತೋರಿಸಿದರು. ಮರಿಲಿಂಗ ಮುಂದಕ್ಕೆ ಬಾಗಿದ. ಅದು ಅವನ ಊರಿನ ತಾಲೀಮಿನ ಎದುರು ಬಿದ್ದಿರುವ ಗುಂಡುಕಲ್ಲು. ಅದೇ ದುಂಡು, ಅದೇ ಬಣ್ಣ, ಹಿಡಿದು ಹಿಡಿದು ನುಣುಪಾದ ಅದೇ ಹೊಟ್ಟೆ.

ಅವತ್ತಿನಿಂದ ಅವನು ಅವರನ್ನು ಹುಡುಕಿ ಹುಡುಕಿ ಕೇಳತೊಡಗಿದ. ಅವರಲ್ಲಿ ಸಿಟ್ಟಿನ ಹುಚ್ಚು ಏರುವವರು ಇದ್ದರಂತೆ, ಏರಿದಾಗ ತಮ್ಮ ಗುರಾಣಿಯನ್ನೇ ಕಚ್ಚುತ್ತಿದ್ದರಂತೆ. ತಮ್ಮವರನ್ನೇ ಹೊಡೆಯದಿರಲೆಂದು ಕಚ್ಚುತ್ತಿದ್ದರು ಎಂದು ಮರಿಲಿಂಗ ತಾನೇ ಅರ್ಥ ಮಾಡಿಕೊಂಡ. ಹೇಳುವವನು ಹಾಗೇನೂ ಹೇಳಿರಲಿಲ್ಲ. ಮರಿಲಿಂಗನ ಬಳಿ ಗುರಾಣಿಯಿರಲಿಲ್ಲ, ಹೆಗಲ ಮೇಲೆ ಟವೆಲ್ ಇತ್ತು. ಸಿಟ್ಟು ಬಂದಾಗ ಅದರ ತುದಿ ಕಚ್ಚಿದ. ನಿಲ್ದಾಣದಲ್ಲಿ ಸರದಿ ತಪ್ಪಿಸಿ ಗಾಡಿ ನುಗ್ಗಿಸಿದವನ ಎದುರು ಕಚ್ಚಿದ. ಚಿಲ್ಲರೆಗೆ ಜಗಳ ತೆಗೆದ ಮುದುಕನ ಎದುರು ಕಚ್ಚಿದ. ಮನೆಯಲ್ಲಿ ಊಟಕ್ಕೆ ತಡವಾದಾಗ ಕಚ್ಚಿದ. ಕೆಲಸ ಮಾಡುತ್ತಿತ್ತು. ಹೊಡೆದಾಟಗಳು ನಿಂತವು. ಕುಡಿಯುವುದು ನಿಂತಿತು. ಚಳಿಗಾಲದಲ್ಲೂ ಕಾಲುವೆಯ ತಣ್ಣೀರಿನಲ್ಲಿ ಮುಳುಗಿ ಎದ್ದು ಬಂದು ಕಲ್ಲಿಗೆ ಕೈ ಹಾಕುತ್ತಿದ್ದ.

ಕಲ್ಲನ್ನು ಮನೆಗೆ ತಂದ ದಿನ ತಾಲೀಮಿನ ಉಸ್ತಾದ ದಸ್ತಗೀರಸಾಬ ತಡೆದಿದ್ದ. ಮೊಣಕಾಲು ಸವೆದು ಹೋದ ಹಳೆಯ ಪೈಲ್ವಾನ. ಎಲ್ಲರನ್ನೂ ಬೇಟಾ ಎನ್ನುತ್ತಿದ್ದ, ತನಗಿಂತ ದೊಡ್ಡವರನ್ನು ಕೂಡ.

"ಒಯ್ಯತಿ ಒಯ್ಯಿ ಬೇಟಾ. ಖರೇ ಇದು ಮನ್ಯಾಗ ಎತ್ತೂ ಸಾಮಾನ ಅಲ್ಲ. ಇಲ್ಲಿ ಕೆಮ್ಮಣ್ಣ ಅದ, ಎಣ್ಣಿ ಹಾಕಿ ಹದ ಮಾಡೀವಿ. ಕಲ್ಲು ಬಿದ್ರ ಹಾಸಿಗಿ ಮ್ಯಾಲ ಬಿದ್ದಂಗ. ನಿಮ್ಮಂಗಳ ಗಟ್ಟಿ ನೆಲ."

"ಮನ್ಯಾಗೇ ಎತ್ತಬೇಕ್ರಿ ಉಸ್ತಾದ್. ಮನ್ಯಾಗ ಮಾಡಿದ್ದು ಮನ್ಯಾಗೇ ತೀರಬೇಕು."

ಮುದುಕ ಅವನ ಮುಖವನ್ನೇ ನೋಡಿ ಪಕ್ಕಕ್ಕೆ ಸರಿದಿದ್ದ. ಟಂಟಂನ ಹಿಂದಿನ ಸೀಟಿನಲ್ಲಿ ಪ್ರಯಾಣಿಕನಂತೆ ಕೂತು ಕಲ್ಲು ಮನೆಗೆ ಬಂತು.

ಉಸ್ತಾದನಿಗೆ ಹೇಳದೇ ಉಳಿದದ್ದು ಒಂದಿತ್ತು. ಅವಳು ನೋಡಬೇಕು ಎಂಬುದು. ತನ್ನ ಬೆನ್ನು ಬಿರಿಯುವುದನ್ನು, ಅಂಗೈ ಸುಲಿಯುವುದನ್ನು, ದಿನ ಬೆಳಗಾದರೆ ಅವಳು ನೋಡಬೇಕು. ನೋಡಿ ನೋಡಿ ಒಂದು ದಿನ ಸಾಕು ಬಿಡು ಅಣ್ಣಾ ಅನ್ನಬೇಕು. ಅಷ್ಟೇ ಅವನಿಗೆ ಬೇಕಿದ್ದದ್ದು. ಅವಳು ಅನ್ನಲಿಲ್ಲ. ಚೌಕಟ್ಟು ಹಿಡಿದು ನಿಂತು ನೋಡುತ್ತಿದ್ದಳು, ಒಳಗೆ ಹೋಗುತ್ತಿದ್ದಳು.

ಒಂದು ಸಂಜೆ ಅವಳು ಹೊಲಿಗೆ ಯಂತ್ರದ ಮುಂದೆ ಕೂತಿದ್ದಾಗ ಬಲಕ್ಕೆ ಕುಕ್ಕುರುಗಾಲಲ್ಲಿ ಕೂತು, ಫೋನಿನಲ್ಲಿ ಕೇಳಿದ ಒಂದು ಕಥೆ ಹೇಳಿದ್ದ. ಆ ಜನರ ದೇವರುಗಳ ನಡುವೆ ಒಂದು ತೋಳ ಬೆಳೆಯುತ್ತದೆ. ಬೆಳೆದು ಬೆಳೆದು ದೇವರುಗಳಿಗೇ ಹೆದರಿಕೆಯಾಗುತ್ತದೆ. ಅದನ್ನು ಕಟ್ಟಬೇಕು. ತೋಳ ಹೇಳುತ್ತದೆ, ಮೋಸವಿಲ್ಲ ಅನ್ನುವುದಕ್ಕೆ ನಿಮ್ಮಲ್ಲಿ ಒಬ್ಬ ನನ್ನ ಬಾಯಲ್ಲಿ ಕೈ ಇಡಲಿ. ಒಬ್ಬ ದೇವರು ಇಡುತ್ತಾನೆ. ತೋಳವನ್ನು ಕಟ್ಟುತ್ತಾರೆ. ತೋಳ ಕೈ ಕಡಿಯುತ್ತದೆ.

"ನನ್ ಸಿಟ್ಟೂ ಆ ತ್ವಾಳನೇ ನೋಡು," ಎಂದ ಮರಿಲಿಂಗ. "ಕಟ್ಟೀನಿ ಈಗ."

ಸವಿತಾ ಚಕ್ರದ ಮೇಲೆ ಕೈಯಿಟ್ಟು ಯಂತ್ರ ನಿಲ್ಲಿಸಿದಳು. "ಹೌದು. ಕಟ್ಟಿದ ಮ್ಯಾಲ ಆ ದೇವ್ರಿನ ಕೈ ಮತ್ತ ಬಂತೇನು?"

"ಇಲ್ಲ. ಒಂದೇ ಕೈಲಿಂದ ಉಳಿದ."

"ಹಂಗಾರ ಅವನ ಕಥಿ ಹೇಳು. ತ್ವಾಳದ್ದು ಏನು?"

ನಗುತ್ತಲೇ ಹೇಳಿದ್ದಳು. ಯಂತ್ರ ಮತ್ತೆ ಓಡತೊಡಗಿತು. ಮರಿಲಿಂಗ ಎದ್ದು ಹೊರಗೆ ಬಂದು, ಇನ್ನೂ ಬೆಳಕಿದ್ದುದರಿಂದ, ಕಲ್ಲನ್ನು ಇನ್ನೊಮ್ಮೆ ಎತ್ತಿ ಹಾಕಿದ. ಒಳಗೆ ಯಂತ್ರದ ಸದ್ದು ನಿಂತು, ಸ್ವಲ್ಪ ತಡೆದು ಶುರುವಾಯಿತು.

ಈ ವರ್ಷದ ಪಂಚಮಿಗೆ ತಾಲೀಮಿನಲ್ಲಿ ಉಳಿದಿದ್ದ ದೊಡ್ಡ ಗುಂಡುಕಲ್ಲಿಗೆ ಪಣ ಕಟ್ಟಿದರು. ಎತ್ತಿ ಹಿಂದಕ್ಕೆ ಒಗೆದವನಿಗೆ ಬೆಳ್ಳಿ ಕಡಗ. ಗೆದ್ದವನ ಕೈಗೆ ಮನೆಯ ಹೆಣ್ಣುಮಗಳು ಕಡಗ ಹಾಕಿ ಆರತಿ ಬೆಳಗುವುದು ಊರಿನ ಪದ್ಧತಿ. ಮದುವೆಯಾದವನಿಗೆ ಹೆಂಡತಿ, ಆಗದವನಿಗೆ ಅಕ್ಕ ಇಲ್ಲವೇ ತಂಗಿ. ಮರಿಲಿಂಗ ಆ ಕಡಗವನ್ನು ತನ್ನ ಕೈಗೆಂದು ಒಮ್ಮೆಯೂ ಯೋಚಿಸಿರಲಿಲ್ಲ. ತಂದು ಅವಳಿಗೇ ಕೊಡುವುದು. ಈ ವರ್ಷ ನಾನು ಎತ್ತಿದ್ದೆಲ್ಲ ನಿನ್ನದು ಎನ್ನುವುದು. ಗಾಡಿ ಓಡಿಸುವಾಗ ಈ ಮಾತುಗಳನ್ನು ಒಳಗೇ ಹೇಳಿ ಹೇಳಿ ಬಾಯಿಪಾಠ ಮಾಡಿಕೊಂಡಿದ್ದ. ಅವಳು ತೆಗೆದುಕೊಂಡರೆ ಮುಗಿಯಿತು. ಏನು ಮುಗಿಯಿತು ಎಂಬುದನ್ನು ಅವನು ಮುಂದೆ ಯೋಚಿಸುತ್ತಿರಲಿಲ್ಲ. ಅಲ್ಲಿಗೆ ಬಂದಾಗ ಎದೆ ಹಗುರಾಗುತ್ತಿತ್ತು, ಅಷ್ಟು ಸಾಕಿತ್ತು.

"ಬರ್ತಿಯೇನು ನೋಡಾಕ?" ಎಂದು ಹಬ್ಬದ ದಿನ ಕೇಳಿದ.

"ಜೋಕಾಲಿ ಕಟ್ಟಿರ್ತಾರ ಅಲ್ಲಿ," ಎಂದಳು ಸವಿತಾ. ಅಷ್ಟೇ.

ಕಣದಲ್ಲಿ ಜನ ತುಂಬಿದ್ದರು. ಪಕ್ಕದ ಬೇವಿನ ಮರದಲ್ಲಿ ಜೋಕಾಲಿ ಏರುತ್ತಿತ್ತು, ಇಳಿಯುತ್ತಿತ್ತು. ಮರಿಲಿಂಗ ಆ ಕಡೆಗೆ ಬೆನ್ನು ಮಾಡಿ ಕೂತಿದ್ದ. ಅವನಿಗಿಂತ ಮೊದಲು ಕೊಂಕಲ್ಲಿನ ದೇವಿಂದ್ರ ಕಲ್ಲಿಗೆ ಕೈ ಹಾಕಿದ. ಶಹಾಪುರದ ಹತ್ತಿ ಮಿಲ್ಲಿನಲ್ಲಿ ಹಮಾಲಿ ಮಾಡುವವನು, ಎಮ್ಮೆಯ ಕತ್ತು. ಕಲ್ಲು ಎದೆಯವರೆಗೆ ಬಂತು, ಭುಜಕ್ಕೆ ಏರದೆ ಮುಂದಕ್ಕೆ ಜಾರಿ ಬಿತ್ತು. ಕೆಮ್ಮಣ್ಣಿನಲ್ಲಿ ಸದ್ದೇ ಆಗಲಿಲ್ಲ. ದೇವಿಂದ್ರ ಮಣ್ಣು ಝಾಡಿಸಿಕೊಳ್ಳುತ್ತ, ತನ್ನ ಸರದಿಗೆ ಎದ್ದು ಬಂದು ಕಲ್ಲಿಗೆ ಬಾಗಿದ ಮರಿಲಿಂಗನ ಪಕ್ಕ ನಿಂತು, ಎಲ್ಲರಿಗೂ ಕೇಳುವಂತೆ ಹೇಳಿದ.

"ಹುಷಾರಪಾ ಮರಿಲಿಂಗಾ. ಇದಕ್ಕ ಕಿವಿ ಇಲ್ಲ, ಎಲ್ಲಿ ಹೊಡೀತಿ?"

ಕೆಲವರು ನಕ್ಕರು. ಕೆಲವರು ನಗು ನುಂಗಿ ನೆಲ ನೋಡಿದರು. ನುಂಗಿದ ನಗುವೇ ಹೆಚ್ಚು ಚುಚ್ಚಿತು. ಕೈ ತಾನಾಗಿ ಮುಷ್ಟಿಯಾಯಿತು. ಒಂದು ವರ್ಷದ ಹಿಂದೆ ಆಗಿದ್ದರೆ ದೇವಿಂದ್ರನ ಹಲ್ಲು ಮಣ್ಣಿನಲ್ಲಿರುತ್ತಿದ್ದವು. ಮರಿಲಿಂಗ ಟವೆಲ್ ಕಚ್ಚಿದ. ಮುಷ್ಟಿ ಬಿಚ್ಚಿದ. ಬಿಚ್ಚಿದ ಕೈಯನ್ನು ಕಲ್ಲಿನಡಿ ತೂರಿಸಿದ. ಸಿಟ್ಟು ಹೊಟ್ಟೆಯಿಂದ ಬೆನ್ನಿಗೆ, ಬೆನ್ನಿನಿಂದ ತೋಳಿಗೆ ಇಳಿಯುವುದು ಅವನಿಗೆ ಗೊತ್ತಾಗುತ್ತಿತ್ತು. ಆ ದೋಣಿಯವರು ಹುಟ್ಟಿಗೆ ಹಾಕುತ್ತಿದ್ದುದು ಇದನ್ನೇ ಇರಬೇಕು. ತೊಡೆ, ಹೊಟ್ಟೆ, ಎದೆ. ಎದೆಯ ಮೇಲೆ ಕಲ್ಲು ನಿಂತಾಗ ಕಣ್ಣು ಕತ್ತಲಾಯಿತು. ದೇವಿಂದ್ರ ಹೇಳಿದ್ದು ಸುಳ್ಳಲ್ಲ ಎಂಬ ಮಾತು ಆ ಕತ್ತಲಲ್ಲಿ ಬಂತು. ಅದರ ಭಾರಕ್ಕೆ ಹೋಲಿಸಿದರೆ ಕಲ್ಲು ಹಗುರವಾಗಿತ್ತು. ಭುಜ. ಹಿಂದಕ್ಕೆ.

ಜನ ಎದ್ದು ನಿಂತು ಕೂಗಿದರು. ಯಾರೋ ಅವನನ್ನು ಎತ್ತಿಕೊಂಡರು. ಊರ ಹಿರಿಯ ಭಗವಂತರಾಯ ಕಡಗವನ್ನು ತಟ್ಟೆಯಲ್ಲಿಟ್ಟು ಕೊಡುತ್ತ, "ಕಲ್ಲಲ್ಲಪಾ, ಸಿಟ್ಟ ಎತ್ತಿ ಒಗದಿ. ನಿನ್ನ ನೋಡಿ ಹುಡುಗರು ಕಲೀಬೇಕು," ಎಂದ. ದೇವಿಂದ್ರ ಕೂಡ ಬಂದು ಬೆನ್ನು ತಟ್ಟಿದ. "ತಪ್ಪ ತಿಳೀಬ್ಯಾಡ ದೋಸ್ತಾ, ನಿನ್ ಕೈ ನಡುಗಲಿ ಅಂತ ಅಂದೆ. ನಡುಗಲಿಲ್ಲ ನೋಡು." ಮರಿಲಿಂಗ ನಕ್ಕ. ಎಷ್ಟು ದಿನದ ಮೇಲೆ ಹೀಗೆ ನಕ್ಕಿದ್ದೇನೆ ಎನಿಸಿತು.

ದಸ್ತಗೀರಸಾಬ ಕೋಲು ಊರಿಕೊಂಡು ಕೊನೆಗೆ ಬಂದ. "ಶಾಬಾಸ್ ಬೇಟಾ. ಸಿಟ್ಟು ಎಲ್ಲಿಗಿ ಹೋತು?"

"ಕಲ್ಲಿನಾಗ ಹೋತ್ರಿ ಉಸ್ತಾದ್."

"ಹ್ಞೂಂ. ಮತ್ತ ಮನಿ ಕಲ್ಲು ತಿರುಗಿ ಯಾವಾಗ ತಂದ ಹಾಕ್ತಿ? ನಿನ್ ಕೆಲಸ ಆತಲ್ಲ."

"ತರ್ತೀನ್ರಿ," ಎಂದ ಮರಿಲಿಂಗ. ಅವನ ಕಿವಿ ಅಲ್ಲಿರಲಿಲ್ಲ. ಅವನಾಗಲೇ ಮನೆಯ ದಾರಿಯಲ್ಲಿದ್ದ.

ಹೊತ್ತು ಇಳಿದಿತ್ತು. ಅಂಗಳದಲ್ಲಿ, ತೊಲೆಗೆ ಕಟ್ಟಿದ ಹಗ್ಗದ ಗಿಡ್ಡ ಜೋಕಾಲಿಯಲ್ಲಿ ಸವಿತಾ ಕೂತಿದ್ದಳು. ಹಬ್ಬಕ್ಕೆ ಮನೆಯಲ್ಲಿ ಜೋಕಾಲಿ ಇಲ್ಲದಿದ್ದರೆ ಹೇಗೆಂದು ತಾಯಿ ಕಟ್ಟಿಸಿದ್ದು. ಎರಡೂ ಪಾದ ನೆಲಕ್ಕೆ ಊರಿ, ಬೆರಳುಗಳಿಂದಷ್ಟೇ ತಳ್ಳಿಕೊಂಡು, ತೂಗಿಯೂ ತೂಗದಂತೆ ಇದ್ದಳು. ಬೇಲಿಯ ಮೇಲೆ ಕೂತ ಕೋಳಿಯೊಂದನ್ನು ನೋಡುತ್ತಿದ್ದಳು. ಬಾಗಿಲಲ್ಲಿ ದುರಗಮ್ಮ ಉಂಡೆಯ ತಾಟು ಹಿಡಿದು ನಿಂತಿದ್ದಳು. ಸುದ್ದಿ ಅವನಿಗಿಂತ ಮೊದಲೇ ಮನೆಗೆ ಬಂದಿತ್ತು.

ಮರಿಲಿಂಗ ನೇರ ತಂಗಿಯ ಪಕ್ಕಕ್ಕೆ ಹೋಗಿ ಮಂಡಿಯೂರಿದ. ಬಾಯಿಪಾಠ ಮಾಡಿದ್ದೆಲ್ಲ ತಾನಾಗಿ ಬಂತು. ತಾನು ಅವತ್ತು ಮನುಷ್ಯನಾಗಿರಲಿಲ್ಲ ಎಂದ. ಆ ಕೈಯನ್ನು ಕತ್ತರಿಸಿ ಹಾಕಬೇಕೆನಿಸಿತ್ತು ಎಂದ. ಒಂದು ವರ್ಷ ಅದೇ ಕೈಗೆ ಶಿಕ್ಷೆ ಕೊಟ್ಟೆ, ಈಗ ಅದು ಯಾರ ಮೇಲೂ ಏಳುವುದಿಲ್ಲ, ಇವತ್ತು ಊರೆಲ್ಲ ನೋಡಿತು ಎಂದ. ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲಿಲ್ಲ. ಇದು ನಿನ್ನದು ಎಂದು ಕಡಗ ಚಾಚಿದ.

ಸವಿತಾ ಕೋಳಿಯನ್ನು ನೋಡುತ್ತಿದ್ದಳು. ಕಣ್ಣಂಚಿನಲ್ಲಿ ಏನೋ ಹೊಳೆದಂತಾಗಿ ನಿಧಾನ ತಿರುಗಿದಳು.

"ಯಾವಾಗ ಬಂದಿ? ಏನಾರ ಅಂದೇನು?"

ಅವನು ಅವಳ ಎಡಕ್ಕಿದ್ದ.

ದುರಗಮ್ಮ ಸೆರಗನ್ನು ಬಾಯಿಗೊತ್ತಿಕೊಂಡಳು. ಮರಿಲಿಂಗ ಎದ್ದ. ಮಂಡಿಗೆ ಮಣ್ಣು ಮೆತ್ತಿತ್ತು. ಜೋಕಾಲಿಯ ಹಿಂದಿನಿಂದ ಸುತ್ತಿ ಬಂದು ಬಲಕ್ಕೆ ನಿಂತ. ವರ್ಷವಿಡೀ ಒಮ್ಮೆಯೂ ತಪ್ಪದ್ದು ಇವತ್ತು, ಗೆದ್ದ ದಿನ, ಕ್ಷಮೆ ಕೇಳುವ ಹೊತ್ತಿಗೆ ತಪ್ಪಿತ್ತು. ಮತ್ತೆ ಹೇಳಲು ಹೋದರೆ ಆ ಮಾತುಗಳು ನಾಟಕದ ಮಾತಿನಂತೆ ಕೇಳಿಸಿದವು. ಒಂದೊಂದಾಗಿ ಬಿಟ್ಟುಬಿಟ್ಟ.

"ಗೆದ್ದೆ," ಎಂದ.

"ಗೊತ್ತಾತು. ಖಾಜಾಹುಸೇನ ಹಾರ್ನ್ ಹೊಡಕೋತ ಹೇಳಿ ಹೋದ. ಚಲೋ ಆತು."

"ನಿನ್ ಸಲುವಾಗಿ ಎತ್ತೀನಿ. ಒಂದ್ ವರ್ಷ ಪೂರಾ. ನೀ ದಿನಾ ನಿಂತು ನೋಡಾಕತ್ತಿದ್ದಿ, ನಿನಗ ಗೊತ್ತದ."

"ನಾ ನೋಡಾಕ ನಿಲ್ತಿದ್ದಿಲ್ಲ."

"ಮತ್ತ?"

ಸವಿತಾ ಪಾದ ಊರಿ ಜೋಕಾಲಿ ನಿಲ್ಲಿಸಿದಳು. ಹೇಳಲೋ ಬೇಡವೋ ಎಂದು ತಾಯಿಯನ್ನೊಮ್ಮೆ ನೋಡಿದಳು.

"ನಾ ಬಲಗಿವಿ ದಿಂಬಿಗಿ ಒತ್ತಿ ಮಲಗ್ತೀನಿ. ಆಗ ಏನೂ ಕೇಳಂಗಿಲ್ಲ. ನಾಯಿ ಇಲ್ಲ, ಅವ್ವನ ಗೊರಕಿ ಇಲ್ಲ. ಆರಾಮ ಇರ್ತದ. ಖರೇ ನಿನ್ನ ಕಲ್ಲು ಕಿವಿಲಿಂದ ಬರಂಗಿಲ್ಲ. ನೆಲದಿಂದ ಬರ್ತದ. ಹಾಸಿಗಿಲಿಂದ ಬೆನ್ನಿಗಿ, ಬೆನ್ನಿಂದ ಇಲ್ಲಿಗಿ." ಎಡಗಿವಿಯ ಕೆಳಗೆ, ದವಡೆಯ ಮೇಲೆ ಬೆರಳಿಟ್ಟಳು. "ಬರೋಬ್ಬರಿ ಅಲ್ಲೇ ಬೀಳ್ತದ. ಮಲಕೊಂಡಾಗ ಬಿದ್ರ ಎಲ್ಲಾ ತಿರಗ್ತದ, ವಾಂತಿ ಬರ್ತದ. ಅದಕ್ಕ ಮೊದಲೇ ಎದ್ದು ಗ್ವಾಡಿ ಹಿಡಕೊಂಡು ನಿಲ್ತಿದ್ದೆ. ಬೀಳ್ತದ ಅಂತ ಗೊತ್ತಿದ್ರ ಸ್ವಲ್ಪ ತಡಕೋಬಹುದು. ಅವತ್ತು ಗೊತ್ತಿರ್ಲಿಲ್ಲ."

ಮರಿಲಿಂಗನಿಗೆ ಮೊದಲು ಬಂದದ್ದು ನಾಚಿಕೆಯಲ್ಲ, ಸಿಟ್ಟು. ಯಾಕೆ ಹೇಳಲಿಲ್ಲ. ಇಷ್ಟು ದಿನ ಬಾಯಿ ಮುಚ್ಚಿಕೊಂಡು ಯಾಕೆ ನಿಂತೆ. ಹೊಟ್ಟೆಯಿಂದ ಎದೆಗೆ ಅದು ಉರುಳಿ ಬಂತು. ಕೈ ಹೆಗಲಿಗೆ ಹೋಗಿ ಟವೆಲ್ಲಿನ ತುದಿ ಬಾಯಿಗೆ ತಂದಿತು.

"ಕಚ್ಚಬ್ಯಾಡ," ಎಂದಳು ಸವಿತಾ.

"ಸಿಟ್ಟ ತಡ್ಯಾಕ..."

"ನನಗ ಗೊತ್ತದ. ನೀ ಅದನ್ನ ಕಚ್ಚಿದಾಗ ಅವ್ವ ಉಸಿರು ಹಿಡೀತಾಳ. ಬಿಡೂತನಕಾ ಹಿಡದೇ ಇರ್ತಾಳ. ನೋಡು."

ಅವನು ತಿರುಗಿ ನೋಡಿದ. ಬಾಗಿಲಲ್ಲಿ ದುರಗಮ್ಮ ಅಲ್ಲಾಡದೆ ನಿಂತಿದ್ದಳು. ತಾಟಿನಲ್ಲಿನ ಉಂಡೆಗಳು ಒಂದು ಕಡೆಗೆ ಸರಿದು ಬೀಳುವಂತಿದ್ದವು, ಅವಳು ಅದನ್ನು ನೇರ ಮಾಡುವುದನ್ನೂ ಮರೆತಿದ್ದಳು. ಸುರಪುರದ ನಿಲ್ದಾಣದಲ್ಲಿ, ಹುಣಸಗಿಯ ದಾರಿಯಲ್ಲಿ, ಕಣದಲ್ಲಿ ಎಲ್ಲರೂ ಹೊಗಳಿದ ಆ ಟವೆಲ್, ಈ ಮನೆಯಲ್ಲಿ ಎತ್ತಿದ ಕೈಯಂತೆಯೇ ಇತ್ತು. ಅವನು ಟವೆಲ್ ಕೆಳಗಿಳಿಸಿದ. ತಾಯಿಯ ಎದೆ ಇಳಿಯಿತು. ತಾಟು ನೇರವಾಯಿತು.

"ನಾ ಇನ್ನ ಕಲ್ಲು ಎತ್ತಂಗಿಲ್ಲ," ಎಂದ. ದನಿ ಸಣ್ಣದಾಗಿತ್ತು. "ನಾಳೇನ ಒಯ್ದು ಕೊಟ್ಟ ಬರ್ತೀನಿ."

"ಎತ್ತು. ಯಾರು ಬ್ಯಾಡ ಅಂದ್ರು? ಎತ್ತಾಕ ಹತ್ತಿದ ಮ್ಯಾಲ ನೀ ಕುಡುದು ಬಂದಿಲ್ಲ, ಯಾರಿಗೂ ಹೊಡದಿಲ್ಲ. ಅದು ಸುಳ್ಳಲ್ಲ. ತಾಲೀಮದಾಗ ಎತ್ತು, ಮಣ್ಣಿನ ಮ್ಯಾಲ ಎತ್ತು. ಖರೇ ನನ್ ಸಲುವಾಗಿ ಎತ್ತೀನಿ ಅನಬ್ಯಾಡ. ನಾ ಎತ್ತು ಅಂದಿಲ್ಲ."

ಬೇವಿನ ಮರದ ಕಡೆಯಿಂದ ಹೆಣ್ಣುಮಕ್ಕಳ ಕೂಗು ಗಾಳಿಯಲ್ಲಿ ಬಂತು, ಯಾರೋ ಎತ್ತರಕ್ಕೆ ಜೀಕಿದ್ದರು. ಸವಿತಾ ಆ ಕಡೆಗೆ ಬಲಗಿವಿ ತಿರುಗಿಸಿ ಕೇಳಿಸಿಕೊಂಡಳು. ಮರಿಲಿಂಗ ಅವಳ ಮುಖ ನೋಡಲಾರದೆ ಕೈಯಲ್ಲಿದ್ದ ಕಡಗ ನೋಡಿದ. ಅದು ಬೆವರಿಗೆ ಮಂಕಾಗಿತ್ತು. ಅಂಗಿಯ ತುದಿಯಿಂದ ಒರೆಸಿದ.

"ಹಬ್ಬದ ದಿನ ಅದವ್ವಾ," ಎಂದಳು ದುರಗಮ್ಮ ಬಾಗಿಲಿನಿಂದ, ಬೇಡಿಕೊಳ್ಳುವ ದನಿಯಲ್ಲಿ. "ಅಣ್ಣ ಗೆದ್ದು ತಂದಾನ. ತಗೋ. ಮಂದಿ ಕೇಳ್ತಾರ, ಆರತಿ ಯಾಕ ಮಾಡ್ಲಿಲ್ಲ ಅಂತ."

"ಜ್ವರ ಬಂದಿತ್ತು ಅನ್ನು," ಎಂದಳು ಸವಿತಾ.

ದುರಗಮ್ಮ ಒಳಗೆ ಹೋದಳು. ಅಂಗಳದಲ್ಲಿ ಇಬ್ಬರೇ ಉಳಿದರು, ಮೂಲೆಯಲ್ಲಿ ಕಲ್ಲು. ಅದು ಬಿದ್ದು ಬಿದ್ದು ನೆಲದಲ್ಲಿ ತಗ್ಗಾಗಿತ್ತು. ಮರಿಲಿಂಗ ಅವಳ ಬಲಕ್ಕೆ ಇನ್ನಷ್ಟು ಹತ್ತಿರ ಸರಿದು, ಕಡಗವನ್ನು ಎರಡೂ ಕೈಯಲ್ಲಿ ಹಿಡಿದು, ಅವಳಿಗೆ ಕೇಳುವಂತೆ, ಆದರೆ ಜೋರಾಗದಂತೆ ಹೇಳಿದ.

"ನನ್ ಕೈಗಿ ಹಾಕಬ್ಯಾಡ. ನೀನೂ ಹಾಕ್ಕೋಬ್ಯಾಡ. ಮಾಫ್ ಮಾಡು ಅಂತನೂ ಅನ್ನಂಗಿಲ್ಲ. ಬರೇ ತಗೊಂಡು ಪೆಟ್ಟಿಗ್ಯಾಗ ಇಟ್ಟುಬಿಡು, ಸವಿತಾ. ಅಷ್ಟು ಸಾಕು ನನಗ."

ಅವಳು ಕಡಗವನ್ನು ನೋಡಿದಳು. ಅವನ ಅಂಗೈಗಳನ್ನು ನೋಡಿದಳು. ಸುಲಿದು, ಗಟ್ಟಿಯಾಗಿ, ಮತ್ತೆ ಸುಲಿದ ಚರ್ಮ. ಮೊದಲ ಬಾರಿಗೆ ಅವುಗಳನ್ನು ಅಷ್ಟು ಹೊತ್ತು ನೋಡಿದಳು. ಮುಖದಲ್ಲಿ ಸಿಟ್ಟಿರಲಿಲ್ಲ.

"ಒಲ್ಲೆ," ಎಂದಳು.